ಉಪಗ್ರಹದ ಮೈಮ್ಯಾಲಿನ ಗ್ಲೋ ಕಂಪ್ಯೂಟರ್‌ದಾಗ ಕಟ್ಟೋದು ಹೆಂಗ: ಹಂತ ಹಂತವಾಗಿ

ಪುಣೆಯೊಳಗ ನಮ್ಮ ಕೋಥ್ರೂಡ ಮನಿಗೆ ರವಿವಾರ ಮುಂಜಾನೆ ಒಂದಿಷ್ಟು ಇಂಜಿನಿಯರಿಂಗ್ ಹುಡುಗ್ರು ಬರ್ತಾರ, ಧಾರವಾಡದವ್ರು, ಬೆಳಗಾವಿಯವ್ರು, ಒಬ್ಬಾಕಿ ಸೋಲಾಪುರದಾಕಿ. ಎಲ್ಲಾರೂ ಸಿಕ್ಕೊಳ್ಳೋದು ಒಂದ ಜಾಗಾದಾಗ. ಗ್ಲೋ, ಅಂದ್ರ ಕಕ್ಷೆಯೊಳಗ ಓಡೋ ಗಾಡಿಯ ಮೈ ಸುತ್ತ ಕಾಣೋ ಮಂದ ಬೆಳಕು, ಅದರ ಚಿತ್ರ ಕಟ್ಟೋ ಪ್ರೋಗ್ರಾಮ್ ಓಡಸ್ತಾರ, ಚಿತ್ರ ಪೂರ್ತಿ ಬೆಳ್ಳಗ ಬರ್ತದ ಇಲ್ಲಾ ಪೂರ್ತಿ ಕಪ್ಪ ಬರ್ತದ, ಆಮ್ಯಾಲೆ ಯೀಲ್ಡ್ ಅನ್ನೋ ಒಂದು ನಂಬರ್ ಹಿಡದು ತಿರುವಿ ತಿರುವಿ ಅಮೆರಿಕದ ಬಾಹ್ಯಾಕಾಶ ಗಾಡಿ ಶಟಲ್‌ನ ಫೋಟೋದ ಹಂಗ ಕಾಣೋತನಕ ಬಿಡೂದಿಲ್ಲ. "ಅಕ್ಕಾ, ಮ್ಯಾಚ್ ಆತು ನೋಡ್ರಿ" ಅಂತಾರ. ಎತ್ತರ 300 ಕಿಮೀ ಇದ್ದದ್ದು 360 ಮಾಡ್ರಿ ಅಂದ್ರ ಎಲ್ಲಾ ಕೆಡ್ತದ.

ಯೀಲ್ಡ್ ಅಂದ್ರ ಮೈಗೆ ಬಡಿದ ಒಂದು ಆಕ್ಸಿಜನ್ ಪರಮಾಣುವಿಗೆ ಎಷ್ಟು ಫೋಟಾನ್ (ಬೆಳಕಿನ ಕಣ) ಬಂತು ಅನ್ನೋ ಲೆಕ್ಕ. ನೀವು ಹಿಂದ ಮಾಡಿದ ಪ್ರತಿಯೊಂದು ತಪ್ಪೂ ಹೋಗಿ ಈ ಒಂದು ನಂಬರ್‌ನೊಳಗ ಅಡಗಿ ಕೂಡ್ತದ, ಅದಕ್ಕ ಅದನ್ನ ಕೊನೀತನಕ ಮುಟ್ಟಬ್ಯಾಡ್ರಿ. ಕೆಳಗಿನ ಹಂತಗಳ ಅನುಕ್ರಮ ಇಟ್ಟದ್ದ ಈ ಕಾರಣಕ್ಕ.

ಯಾವ ಗ್ಲೋ ಅನ್ನೋದು ಮೊದಲ ಹೇಳಿಬಿಡ್ತೀನಿ. 1982ರ ಎಸ್‌ಟಿಎಸ್-3 ಹಾರಾಟದ ಫೋಟೋದಾಗ ಶಟಲ್‌ನ ಬಾಲದ ಸುತ್ತ ಕಂಡ ಕೆಂಪು-ಕಿತ್ತಳಿ ಬೆಳಕಿನ ಮಾತು ಇದು. ಗಾಡಿ ಸೆಕೆಂಡಿಗೆ 7.7 ಕಿಮೀ ಓಡ್ತದ, ಎದುರಿಗೆ ಬಂದ ಆಕ್ಸಿಜನ್ ಪರಮಾಣು ಮೈಗೆ ಬಡೀತಾವ, ಮೈಮ್ಯಾಲೆ ಮೊದಲ ಅಂಟಿಕೊಂಡ ನೈಟ್ರಿಕ್ ಆಕ್ಸೈಡ್ ಜೋಡಿ ಕೂಡಿ ಉದ್ರೇಕಗೊಂಡ (ಹೆಚ್ಚಿನ ಶಕ್ತಿ ತುಂಬಿಕೊಂಡ) ನೈಟ್ರೋಜನ್ ಡೈಆಕ್ಸೈಡ್ ಆಗ್ತದ, ಅದು ಮೈ ಬಿಟ್ಟು ಹಾರಿ ಸುಮಾರು 80 ಮೈಕ್ರೋಸೆಕೆಂಡಿನ ಅಂದಾಜಿನೊಳಗ ಬೆಳಕು ಬಿಡ್ತದ. ಬೆಳಕಿನ ಶಿಖರ ಸುಮಾರು 680 ನ್ಯಾನೋಮೀಟರ್, ಪದರಿನ ದಪ್ಪ ಸುಮಾರು 20 ಸೆಂಮೀ (ಅಷ್ಟು ದೂರಕ್ಕ ಹೊಳಪು ಮೂರನೇ ಒಂದು ಭಾಗದಷ್ಟಕ್ಕ ಇಳೀತದ). 100 ಕಿಮೀ ಆಸುಪಾಸು ಕೆಳಗ ಬಂದಾಗ ಗಾಳಿಯೊಳಗ ಶಾಕ್ (ಒತ್ತಡದ ಅಲೆ) ಎದ್ದು ಬರೋ ಬೆಳಕು ಬ್ಯಾರೆ, ಅದಕ್ಕ ಈ ಮಾದರಿ ನಡೆಯೂದಿಲ್ಲ.

ಬೇಕಾಗೋ ಸಾಮಾನು

8 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪ್ ಸಾಕು, ಲಿನಕ್ಸ್ ಇರಲಿ. ಪೈಥಾನ್, ನಂಪೈ. ಮ್ಯಾಲಿನ ವಾತಾವರಣದ ಸಾಂದ್ರತೆಗೆ ಎಮ್‌ಸಿಸ್ ಮಾದರಿ, ಅದರ ಪೈಥಾನ್ ರೂಪ ಪೈಎಮ್‌ಸಿಸ್. ಗಾಳಿ ಕಣಗಳ ಓಟಕ್ಕ ಸ್ಪಾರ್ಟಾ, ಅಮೆರಿಕದ ಸ್ಯಾಂಡಿಯಾ ಲ್ಯಾಬ್‌ನವ್ರು ಪುಕ್ಕಟ್ಟೆ ಬಿಟ್ಟದ್ದು. ನೋಡ್ಲಿಕ್ಕೆ ಪ್ಯಾರಾವ್ಯೂ. ಮತ್ತ ಒಂದು ನೋಟ್‌ಬುಕ್ಕು, ಕಾಗದದ್ದು. ನೋಟ್‌ಬುಕ್ಕು ತರದವ್ರಿಗೆ ನಾನು ಸ್ಪಾರ್ಟಾ ಇನ್‌ಸ್ಟಾಲ್ ಮಾಡಿಕೊಡೂದಿಲ್ಲ.

ಹಂತ 1: ಮೊದಲ ಕಾಗದದ ಮ್ಯಾಲೆ ಲೆಕ್ಕ

ಕಂಪ್ಯೂಟರ್ ತೆರೀಬ್ಯಾಡ್ರಿ ಇನ್ನೂ. 300 ಕಿಮೀ ಎತ್ತರ, ಆಕ್ಸಿಜನ್ ಪರಮಾಣು ಘನ ಮೀಟರಿಗೆ 5 × 10¹⁴, ಗಾಳಿಯ ಉಷ್ಣತೆ 1000 ಕೆಲ್ವಿನ್, ವೇಗ 7.73 ಕಿಮೀ, ಇಷ್ಟು ಇಟ್ಕೊಳ್ರಿ. ಎದುರು ಮೈಗೆ ಬೀಳೋ ಫ್ಲಕ್ಸ್ ಅಂದ್ರ ಸಾಂದ್ರತೆ ಗುಣಲೆ ವೇಗ, ಸುಮಾರು 3.9 × 10¹⁸ ಪ್ರತಿ ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ. ಒಂದೊಂದು ಪರಮಾಣುವಿನ ಬಡಿತದ ಶಕ್ತಿ ಸುಮಾರು 5 ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಶಕ್ತಿ ಅಳಿಯೋ ಯೂನಿಟ್).

ಇಲ್ಲೊಂದು ಮರೆತು ಹೋಗೋ ಮಾತು ಅದ. ವಾತಾವರಣಾನೂ ಭೂಮಿ ಜೋಡಿ ತಿರಗ್ತದ, ಭೂಮಧ್ಯರೇಖೆ ಮ್ಯಾಲೆ 300 ಕಿಮೀ ಎತ್ತರದಾಗ ಸೆಕೆಂಡಿಗೆ ಸುಮಾರು 0.49 ಕಿಮೀ. ಪೂರ್ವಕ್ಕ ಹೋಗೋ ಗಾಡಿ ಇದ್ರ ಅಷ್ಟು ವೇಗ ಕಡಿಮಿ ಆಗ್ತದ, 28.5 ಡಿಗ್ರಿ ಓರೆ ಕಕ್ಷೆ ಇದ್ರ ಭೂಮಧ್ಯರೇಖೆ ದಾಟೋವಾಗ ಗಾಳಿಗೆ ಹೋಲಿಸಿದ ವೇಗ 7.3ರ ಹತ್ರ ಬರ್ತದ. ಬರೇ ಐದಾರು ಪರ್ಸೆಂಟ್ ತಾನ ಅಂತ ಬಿಟ್ರ ಅದು ಮುಂದ ಯೀಲ್ಡ್‌ನೊಳಗ ಹೋಗಿ ಕೂಡ್ತದ. ಕೆಳಗಿನ ಲೆಕ್ಕಕ್ಕ ಮಾತ್ರ ನಾನು 7.73 ಇಟ್ಕೊಂಡೀನಿ, ಕೈಲೆ ಲೆಕ್ಕ ಮಾಡಿ ನೋಡೋರಿಗೆ ಸುಲಭ ಆಗ್ಲಿ ಅಂತ.

ಇನ್ನ ಕಣಗಳು ತಮ್ಮ ತಮ್ಮೊಳಗ ಬಡಕೊಳ್ತಾವೋ ಇಲ್ಲೋ. ಒಂದು ಕಣ ಇನ್ನೊಂದಕ್ಕ ಬಡಿಯೋ ಮುಂಚೆ ಹೋಗೋ ಸರಾಸರಿ ದೂರ ಸ್ಟ್ಯಾಂಡರ್ಡ್ ವಾತಾವರಣದ ಪಟ್ಟಿ ಪ್ರಕಾರ 300 ಕಿಮೀಗೆ ಸುಮಾರು 2.6 ಕಿಮೀ, 200ಕ್ಕ 240 ಮೀಟರ್, 150ಕ್ಕ 33 ಮೀಟರ್, 120ಕ್ಕ 3 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಎಲ್ಲಾರೂ ಈ ನಂಬರ್ ನೋಡಿ "ಬಡಿತಾನ ಇಲ್ಲ" ಅಂತ ಮುಂದ ಹೋಗ್ತಾರ. ಆದ್ರ ಮೈಗೆ ಬಡಿದು ತಣ್ಣಗಾಗಿ ವಾಪಸ್ ಬರೋ ಆಕ್ಸಿಜನ್ 300 ಕೆಲ್ವಿನ್‌ದಾಗ ಸೆಕೆಂಡಿಗೆ ಬರೇ 630 ಮೀಟರ್ ನಡೀತದ, ಬರೋದು ಜೋರಾಗಿ ಹೋಗೋದು ಮೆಲ್ಲಕ, ಟೋಲ್ ನಾಕಾದಾಗ ಗಾಡಿ ಒಟ್ಟಾಗೋ ಹಂಗ ಮೈ ಮುಂದ ಗಾಳಿ ಒಟ್ಟಾಗಿ ನಿಲ್ತದ. ಲೆಕ್ಕ ಹಾಕಿದ್ರ ಸುತ್ತಲಿನ ಗಾಳಿಗಿಂತ ಸುಮಾರು 25 ಪಟ್ಟು. ಅಂದ್ರ ಮ್ಯಾಲಿನ ದೂರಗಳನ್ನ 25ರಿಂದ ಭಾಗಿಸಿ ಗಾಡಿಯ ಅಳತಿಗೆ ಹೋಲಿಸ್ರಿ. 300ಕ್ಕ 100 ಮೀಟರ್, ಒಂದು ಮೀಟರ್ ಉಪಗ್ರಹಕ್ಕ ಬಡಿತ ಬಿಟ್ರೂ ನಡೀತದ. 200ಕ್ಕ 10 ಮೀಟರ್, ಸಣ್ಣ ಉಪಗ್ರಹಕ್ಕ ನಡೀತದ ಆದ್ರ 37 ಮೀಟರ್ ಉದ್ದದ ಶಟಲ್‌ಗೆ ನಡೆಯೂದಿಲ್ಲ. 150ಕ್ಕ ಒಂದು ಮೀಟರ್ ಆಸುಪಾಸು, ಬಡಿತ ಹಾಕ್ಲೇಬೇಕು. ಒರಟು ಲೆಕ್ಕ ಇದು, ಆದ್ರ ತೀರ್ಮಾನಕ್ಕ ಸಾಕು.

ಹಂತ 2: ವಾತಾವರಣದ ನಂಬರ್ ತರೋದು

ಪೈಎಮ್‌ಸಿಸ್‌ಗೆ ತಾರೀಖು, ರೇಖಾಂಶ, ಅಕ್ಷಾಂಶ, ಎತ್ತರ, ಸೂರ್ಯನ ರೇಡಿಯೋ ಸೂಚ್ಯಂಕ, ಭೂಕಾಂತದ ಸೂಚ್ಯಂಕ ಕೊಡ್ಬೇಕು. ರೇಖಾಂಶ ಮೊದಲು, ಅಕ್ಷಾಂಶ ಆಮ್ಯಾಲೆ. ನಾವು ಬಾಯಿಲೆ ಹೇಳೋದು ಉಲ್ಟಾ, ಕೈನೂ ಉಲ್ಟಾ ಬರೀತದ. ಪುಣೆಗೆ 73.9 ಮತ್ತ 18.5 ಅಂತ ಬರೀಬೇಕು, ತಿರುವಿ ಬರದ್ರ ನೀವು ಉತ್ತರ ಧ್ರುವದ ಕಡೆ ಎಲ್ಲೋ ಹೋಗಿ ನಿಂತಿರ್ತೀರಿ ಮತ್ತ ಪ್ರೋಗ್ರಾಮ್ ಒಂದು ಮಾತೂ ಆಡೂದಿಲ್ಲ.

ಯೂನಿಟ್ ನೋಡ್ರಿ. ಹಳೇ ಎಮ್‌ಸಿಸ್ ಫೋರ್ಟ್ರಾನ್ ಪ್ರೋಗ್ರಾಮ್ ಘನ ಸೆಂಟಿಮೀಟರಿಗೆ ಕೊಡ್ತದ, ಪೈಎಮ್‌ಸಿಸ್ ಘನ ಮೀಟರಿಗೆ ಕೊಡ್ತದ, ಸ್ಪಾರ್ಟಾಕ್ಕ ಬೇಕಾದದ್ದು ಘನ ಮೀಟರ್. ನಮ್ಮ ಸೋಲಾಪುರದಾಕಿ ಹಳೇ ಪಟ್ಟಿಯಿಂದ ನಂಬರ್ ತೊಗೊಂಡು ಎರಡು ರಾತ್ರಿ ಲ್ಯಾಪ್‌ಟಾಪ್ ಓಡಿಸಿದ್ಲು, ಫ್ಯಾನ್ ಗುಂಯ್ ಅಂತ ರೂಮ್‌ದಾಗ ಯಾರಿಗೂ ನಿದ್ದಿ ಇಲ್ಲ, ಮೂರನೇ ದಿನ ಕೆಳಗಿನ ಅಮೃತತುಲ್ಯದಾಗ ಚಹಾ ಕುಡೀತ "ಅಕ್ಕಾ, ಬೆಳಕ ಬರವಲ್ತು" ಅಂತ ಕಣ್ಣು ತುಂಬಿಕೊಂಡು ಕೂತ್ಲು. ಹತ್ತು ಲಕ್ಷ ಪಟ್ಟು ಕಡಿಮಿ ಗಾಳಿಯೊಳಗ ಬೆಳಕು ಎಲ್ಲಿಂದ ಬರಬೇಕು ಆ ಹುಡುಗಿಗೆ. ಹಂತ 1ರ ಕಾಗದ ಪಕ್ಕಕ್ಕ ಇದ್ದಿದ್ರ ಐದು ನಿಮಿಷದ ಕೆಲಸ ಇತ್ತು.

ಇನ್ನೊಂದು ಪರೀಕ್ಷೆ: 300 ಮತ್ತ 358 ಕಿಮೀಯ ಆಕ್ಸಿಜನ್ ನಂಬರ್ ತೊಗೊಂಡು ಭಾಗಿಸ್ರಿ. 1000 ಕೆಲ್ವಿನ್ ಇದ್ದಲ್ಲಿ ಆಕ್ಸಿಜನ್ ಪರಮಾಣುವಿನ ಸಾಂದ್ರತೆ ಸುಮಾರು 58 ಕಿಮೀಗೆ ಒಮ್ಮೆ 2.7 ಪಟ್ಟು ಇಳೀತದ. ಹಂಗ ಬರ್ಲಿಲ್ಲ ಅಂದ್ರ ನೀವು ಬ್ಯಾರೆ ಕಾಲಮ್ ಓದಾಕತ್ತೀರಿ, ಹೀಲಿಯಂದೋ ಸಾರಜನಕದ್ದೋ.

ಹಂತ 3: ಆಕಾರ

ಮೊದಲ ಸಲ ಇಡೀ ಉಪಗ್ರಹ ಕಟ್ಟಾಕ ಹೋಗಬ್ಯಾಡ್ರಿ. ಒಂದು ಮೀಟರ್ ಚೌಕದ ಹಲಗಿ ಸಾಕು. ಆದ್ರ ಸ್ಪಾರ್ಟಾದ ಮೂರು ಆಯಾಮದ ಮೈ ಎಲ್ಲೂ ಸಂದಿ ಇಲ್ಲದಂಗ ಮುಚ್ಚಿರಬೇಕು, ಬರೇ ತೆಳ್ಳನ ಹಾಳಿ ಕೊಟ್ರ ಒಪ್ಪೂದಿಲ್ಲ, ಅದಕ್ಕ ಹಲಗಿಗೆ 5 ಸೆಂಮೀ ದಪ್ಪ ಕೊಟ್ಟು ಡಬ್ಬಿ ಮಾಡ್ರಿ. ಎಸ್‌ಟಿಎಲ್ ಫೈಲ್ (ಆಕಾರವನ್ನ ಸಣ್ಣ ಸಣ್ಣ ತ್ರಿಕೋನಗಳಾಗಿ ಇಡೋದು) ಬದಲಿಸೋ ಸ್ಕ್ರಿಪ್ಟ್ ಸ್ಪಾರ್ಟಾದ ಟೂಲ್ಸ್ ಫೋಲ್ಡರ್‌ದಾಗ ಅದ. ತ್ರಿಕೋನಗಳ ಮುಖ ಹೊರಗ ಇರಬೇಕು. ಒಳಗ ತಿರುಗಿದ್ರ ಕಣಗಳು ಡಬ್ಬಿಯೊಳಗ ಹುಟ್ಟತಾವ, ಹೊರಗೆಲ್ಲಾ ಖಾಲಿ.

ಹಂತ 4: ಗಾಳಿ ಓಡಿಸೋದು

ಗಾಳಿ ಓಡೋ ಪೆಟ್ಟಿಗಿ ಮೂರೂ ಕಡೆ 2 ಮೀಟರ್ ಇಡ್ರಿ. ಬ್ಯಾರೆ ಅನಿಲಾನೂ ಸೇರಿ ಒಟ್ಟು ಸಾಂದ್ರತೆ 6 × 10¹⁴ ಅಂದ್ರ ಒಳಗ 4.8 × 10¹⁵ ಕಣ. ಹತ್ತು ಲಕ್ಷ ಕಂಪ್ಯೂಟರ್ ಕಣ ಬೇಕಂದ್ರ ಒಂದೊಂದೂ 4.8 × 10⁹ ನಿಜವಾದ ಕಣಗಳ ಪ್ರತಿನಿಧಿ. ಮೈ ಮುಂದ ಗಾಳಿ ಒಟ್ಟಾದ ಮ್ಯಾಲೆ ಕಣಗಳ ಲೆಕ್ಕ ಇನ್ನೂ ಏರ್ತದ, ರ‍್ಯಾಮ್ ಒಳಗ ಜಾಗಾ ಬಿಟ್ಟಿರ್ರಿ.

ಗ್ರಿಡ್ ಕೋಣಿ (ಪೆಟ್ಟಿಗಿಯನ್ನ ಹೋಳು ಮಾಡಿದ ಸಣ್ಣ ಖಾನಿ) 5 ಸೆಂಮೀ ಇದ್ರ 7.73 ಕಿಮೀ ವೇಗದ ಕಣ ಅದನ್ನ 6.5 ಮೈಕ್ರೋಸೆಕೆಂಡಿಗೆ ದಾಟ್ತದ. ಸಮಯದ ಹೆಜ್ಜಿ 1 ಮೈಕ್ರೋಸೆಕೆಂಡ್ ಇಡ್ರಿ. ಮೈಗೆ ಡಿಫ್ಯೂಸ್ ಪ್ರತಿಫಲನ (ಬಡಿದ ಕಣ ಎಲ್ಲಾ ದಿಕ್ಕಿಗೂ ಚದರಿ ವಾಪಸ್ ಹೋಗೋದು), 300 ಕೆಲ್ವಿನ್.

ಈಗ ಎಲ್ಲಾರೂ ಬೀಳೋ ಗುಂಡಿ. ವೇಗದ ಕಣ ಪೆಟ್ಟಿಗಿ ದಾಟಾಕ 260 ಮೈಕ್ರೋಸೆಕೆಂಡ್ ಸಾಕು, ಅದನ್ನ ನೋಡಿ 500 ಹೆಜ್ಜಿ ಆದ ಕೂಡ್ಲೆ ಸರಾಸರಿ ತೊಗೊಳ್ಳಾಕ ಶುರು ಮಾಡ್ತಾರ. ಆದ್ರ ಮೈಯಿಂದ ವಾಪಸ್ ಬರೋ ತಣ್ಣನ ಕಣ 2 ಮೀಟರ್ ಹೋಗಾಕ 3 ಮಿಲಿಸೆಕೆಂಡ್‌ಕ್ಕಿಂತ ಜಾಸ್ತಿ ತೊಗೊಳ್ತದ, ಅದರಾಗ ಹಿಂದುಳಿಯೋ ಮೆಲ್ಲನ ಕಣಗಳೂ ಇರ್ತಾವ. ಕಮ್ಮೀತ ಕಮ್ಮಿ 10,000 ಹೆಜ್ಜಿ ಓಡಿಸ್ರಿ, ಒಟ್ಟು ಕಣಗಳ ಲೆಕ್ಕ ಏರೋದು ನಿಂತದ್ದು ಕಣ್ಣಾರೆ ನೋಡ್ರಿ, ಆಮ್ಯಾಲೆ ಸರಾಸರಿ.

ಓಡಿದ ಮ್ಯಾಲೆ ಮೂರು ಪರೀಕ್ಷೆ, ಮೂರೂ ಪಾಸ್ ಆಗ್ದ ಮುಂದ ಹೋಗಬ್ಯಾಡ್ರಿ. ಹಲಗಿ ನೇರ ಎದುರು ಇದ್ದಾಗ ಆಕ್ಸಿಜನ್ ಫ್ಲಕ್ಸ್ 3.9 × 10¹⁸ ಬರಬೇಕು. 45 ಡಿಗ್ರಿ ತಿರುವಿದ್ರ 0.71 ಪಟ್ಟು. 90 ಡಿಗ್ರಿ ತಿರುವಿ ಗಾಳಿಗೆ ಸಮಾನಾಂತರ ನಿಲ್ಲಿಸಿದ್ರ ಸುಮಾರು 3.7 ಪರ್ಸೆಂಟ್ ಬರಬೇಕು, ಸೊನ್ನಿ ಅಲ್ಲ. ಜುಲೈದಾಗ ಕರ್ವೆ ರೋಡ್ ಮ್ಯಾಲೆ ಸ್ಕೂಟರ್ ಹೊಡ್ದವ್ರಿಗೆ ಇದು ಹೇಳಬೇಕಾಗಿಲ್ಲ, ಎದಿ ತೊಯ್ದು ತಪ್ಪಡಿ ಆಗ್ತದ, ಬೆನ್ನು ಒಣಾ ಇರ್ತದ, ಆದ್ರ ತೋಳಿನ ಪಕ್ಕಕ್ಕ ಒಂದಿಷ್ಟು ಹನಿ ಹತ್ತೇ ಹತ್ತತಾವ. ಆ ಪಕ್ಕದ ಹನಿ ಅಂದ್ರ ಗಾಳಿಯ ಉಷ್ಣತೆ. ಅಲ್ಲಿ ಪೂರಾ ಸೊನ್ನಿ ಬಂತಂದ್ರ ನೀವು ಉಷ್ಣತೆ ಹಾಕೋದು ಮರ್ತೀರಿ. ಬೆನ್ನಿನ ಕಡೆ ಏನರ ಬಂತಂದ್ರ ಗಾಳಿಯ ದಿಕ್ಕು ಅಥವಾ ತ್ರಿಕೋನದ ಮುಖ ತಪ್ಪೇದ.

ಹಂತ 5: ಹೊಳೆಯೋ ಕಣಗಳು

ಇವನ್ನ ಸ್ಪಾರ್ಟಾದೊಳಗ ಹುಟ್ಟಿಸಬ್ಯಾಡ್ರಿ. ಹತ್ತು ಲಕ್ಷ ಬಡಿತಕ್ಕ ಒಂದು ಅನ್ನೋವಷ್ಟು ಅಪರೂಪದ ಘಟನೆಯನ್ನ ಹತ್ತು ಲಕ್ಷ ಕಣಗಳೊಳಗ ಹುಡುಕಿದ್ರ ಒಂದೋ ಎರಡೋ ಚುಕ್ಕಿ ಸಿಗ್ತಾವ. ಚಿತ್ರ ಕಪ್ಪ ಬರೋದು ಬಹಳ ಸಲ ಇದಕ್ಕ. ಸ್ಪಾರ್ಟಾದಿಂದ ಪ್ರತಿ ತ್ರಿಕೋನದ ಆಕ್ಸಿಜನ್ ಫ್ಲಕ್ಸ್ ಅಷ್ಟ ಹೊರಗ ತೊಗೊಂಡು, ಪೈಥಾನ್‌ದಾಗ ಬ್ಯಾರೆ ಕಣ ಬಿಡ್ರಿ: ಫ್ಲಕ್ಸ್ ಗುಣಲೆ ವಿಸ್ತೀರ್ಣದ ಪ್ರಮಾಣಕ್ಕ ತಕ್ಕಂಗ ಹಂಚಿ, ದಿಕ್ಕು ಆರಿಸಿ, ಆಯುಷ್ಯ 80 ಮೈಕ್ರೋಸೆಕೆಂಡ್ ಸರಾಸರಿಯ ಘಾತೀಯ ಹಂಚಿಕಿಯಿಂದ ತೊಗೊಂಡು, ಅಷ್ಟು ಹೊತ್ತು ನಡೆಸಿ ನಿಂತಲ್ಲಿ ಒಂದು ಚುಕ್ಕಿ ಇಡ್ರಿ. ಯೀಲ್ಡ್ ಸದ್ಯಕ್ಕ 1.

ದಿಕ್ಕು ಆರಿಸೋದರಾಗ ಕೊಸೈನ್ ನಿಯಮ (ಲಂಬದ ಹತ್ರ ಹೆಚ್ಚು, ಓರೆ ಕಡೆ ಕಡಿಮಿ ಕಣ ಹಾರೋದು) ಬೇಕಂದ್ರ ಲಂಬದಿಂದ ಅಳೆದ ಕೋನದ ಕೊಸೈನ್ ಅಂದ್ರ 0ಯಿಂದ 1ರ ನಡುವಿನ ರ‍್ಯಾಂಡಮ್ ನಂಬರ್‌ನ ವರ್ಗಮೂಲ. ವರ್ಗಮೂಲ ಮರೆತು ನಂಬರ್ ಹಂಗ ಇಡೋದು ಸಾಮಾನ್ಯ ತಪ್ಪು. ಕೊಸೈನ್‌ಗಳ ಸರಾಸರಿ ತಗೀರಿ, 0.67 ಬಂದ್ರ ಸರಿ, 0.5 ಬಂದ್ರ ವರ್ಗಮೂಲ ಬಿಟ್ಟೀರಿ.

ಇನ್ನ ವೇಗ. ಇಡೀ ಮಾದರಿಯೊಳಗ ನನಗ ಎಲ್ಲಕ್ಕಿಂತ ಮುಖ್ಯ ಅನ್ಸೋ ಭಾಗ ಇದು, ನಿಧಾನಕ್ಕ ಓದ್ರಿ.

ಕಣ ಮೈಮ್ಯಾಲೆ ಪೂರ್ತಿ ತಣ್ಣಗಾಗಿ 300 ಕೆಲ್ವಿನ್‌ಗೆ ಬಂದು ಹಾರ್ತದ ಅಂತ ಇಟ್ಕೊಂಡ್ರ ನೈಟ್ರೋಜನ್ ಡೈಆಕ್ಸೈಡ್‌ನ ಸರಾಸರಿ ವೇಗ ಸೆಕೆಂಡಿಗೆ 370 ಮೀಟರ್, 80 ಮೈಕ್ರೋಸೆಕೆಂಡಿಗೆ 3 ಸೆಂಮೀ. ಶಟಲ್‌ದಾಗ ಕಂಡದ್ದು 20. ಅಂದ್ರ ಕಣ ತಣ್ಣಗಾಗಾಕ ಪುರಸೊತ್ತಿಲ್ದಂಗ ಬಡಿತದ ಶಕ್ತಿಯನ್ನ ಸ್ವಲ್ಪ ಹೊತ್ಕೊಂಡ ಹೊರಗ ಬಿದ್ದದ. ಎಲ್ಲಾವೂ ಮೈಗೆ ಲಂಬವಾಗಿ ನೆಟ್ಟಗ ಹಾರ್ತಾವ ಅಂದ್ರ 20 ಸೆಂಮೀಗೆ 2.5 ಕಿಮೀ ವೇಗ ಬೇಕು. ಆ ವೇಗಕ್ಕ 1.5 ಎಲೆಕ್ಟ್ರಾನ್ ವೋಲ್ಟ್ ಖರ್ಚು, ಬಂದ 5ರೊಳಗ ಅದು ಆಗೋ ಮಾತು.

ಆದ್ರ ಕೊಸೈನ್ ನಿಯಮ ಹಾಕಿದ್ರ ಭಾಳಷ್ಟು ಕಣ ಓರೆ ಹೋಗಿ ಮೈ ಹತ್ರಾನ ಬೆಳಕು ಬಿಡ್ತಾವ, ಪದರ ತೆಳ್ಳಗ ಆಗ್ತದ. ದೊಡ್ಡ ಹಲಗಿಗೆ ಲೆಕ್ಕ ಮಾಡಿದ್ರ ದಪ್ಪ ಅನ್ನೋದು ವೇಗ ಗುಣಲೆ ಆಯುಷ್ಯದ 0.43 ಪಟ್ಟು ಅಷ್ಟ. 20 ಸೆಂಮೀ ತರಬೇಕಂದ್ರ ವೇಗ 5.8 ಕಿಮೀ ಇಡಬೇಕಾಗ್ತದ, ಹುಡುಗ್ರು ಇಟ್ಟುಬಿಡ್ತಾರ. ಈಗ ಶಕ್ತಿ ಎಣಸ್ರಿ. ಬಡಿತದ್ದು 5, ಆಕ್ಸಿಜನ್ ಮತ್ತ ನೈಟ್ರಿಕ್ ಆಕ್ಸೈಡ್ ಎರಡು ಕೂಡಿ ಒಂದಾದಾಗ ಬಿಡುಗಡೆ ಆಗೋದು 3.1, ಒಟ್ಟು 8.1 ಎಲೆಕ್ಟ್ರಾನ್ ವೋಲ್ಟ್. ಅದರಾಗ 680 ನ್ಯಾನೋಮೀಟರಿನ ಫೋಟಾನ್‌ಗೆ 1.8 ಎತ್ತಿಟ್ರ 6.3 ಉಳೀತದ. 5.8 ಕಿಮೀ ವೇಗಕ್ಕ 8 ಬೇಕು. ಜೇಬಿನ್ಯಾಗ ಆರು ರೂಪಾಯಿ ಇಟ್ಕೊಂಡು ಎಂಟು ರೂಪಾಯಿ ಖರ್ಚ ಮಾಡಿದ ಹಂಗ ಆತು. ಅದಕ್ಕ ಒಂದ ವೇಗ, ಬರೇ ಕೊಸೈನ್ ನಿಯಮ, 80 ಮೈಕ್ರೋಸೆಕೆಂಡ್, ಈ ಮೂರೂ ಕೂಡಿ 20 ಸೆಂಮೀ ಕೊಡಾಕ ಆಗೂದಿಲ್ಲ. ಕೊಸೈನ್‌ಕ್ಕಿಂತ ಲಂಬದ ಕಡೆ ಹೆಚ್ಚು ಒತ್ತಾಗಿರೋ ದಿಕ್ಕಿನ ಹಂಚಿಕಿ ತೊಗೊಳ್ರಿ (ಕೊಸೈನ್‌ನ ಮೇಲಿನ ಘಾತ), ವೇಗ 2.5ರಿಂದ ಮ್ಯಾಲಕ್ಕ ಹೋಗ್ತ ಹೋಗ್ತ ದಪ್ಪ 20ಕ್ಕ ಕೂಡಿಸ್ರಿ, ಪ್ರತಿ ಸಲ ಶಕ್ತಿಯ ಜಮಾ-ಖರ್ಚು ಬರೀರಿ.

ಹಂತ 6: ಕ್ಯಾಮೆರಾದಿಂದ ನೋಡೋದು

ಈಗ ಚುಕ್ಕಿಗಳಿಂದ ಚಿತ್ರ. ಪ್ರತಿ ಪಿಕ್ಸೆಲ್‌ನಿಂದ ಒಂದು ದೃಷ್ಟಿರೇಖೆ ಬಿಟ್ಟು ದಾರಿಯೊಳಗಿನ ಬೆಳಕು ಕೂಡಿಸ್ಕೊಂತ ಹೋಗ್ಬೇಕು, ಹೆಜ್ಜಿ 2 ಸೆಂಮೀ. ರೇಖೆ ಮೈಗೆ ಬಡಿದ ಕೂಡ್ಲೆ ನಿಲ್ಲಬೇಕು. ನಿಲ್ಲಿಸದಿದ್ರ ಡಬ್ಬಿಯ ಆಚಿಗಿನ ಬೆಳಕೂ ಸೇರಿ ಉಪಗ್ರಹ ಗಾಜಿನದ್ದು ಅನ್ನೋ ಹಂಗ ಕಾಣ್ತದ.

ಅಳತಿ ರೇಲೀಯಲ್ಲೇ ಬರೀರಿ: ಒಂದು ರೇಲೀ ಅಂದ್ರ ದೃಷ್ಟಿರೇಖೆಯ ಕಂಬದೊಳಗ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಹತ್ತು ಲಕ್ಷ ಫೋಟಾನ್. ಪರೀಕ್ಷೆಗಂತ ಯೀಲ್ಡ್ ಹತ್ತು ಲಕ್ಷಕ್ಕ ಒಂದು ಅಂತ ಹಿಡೀರಿ (ಇದು ಅಳತಿ ಮಾಡಿದ ನಂಬರ್ ಅಲ್ಲ, ಲೆಕ್ಕಕ್ಕ ಅಷ್ಟ), ಕಣಗಳೆಲ್ಲಾ ನೆಟ್ಟಗ ಹಾರಲಿ. ಹಲಗಿಯನ್ನ ನೇರ ಎದುರಿನಿಂದ ನೋಡಿದ್ರ ಸುಮಾರು 390 ರೇಲೀ ಬರಬೇಕು. ಪಕ್ಕದಿಂದ ಮೈಗೆ ಹತ್ತಿ ಸಮಾನಾಂತರ ನೋಡಿದ್ರ ಒಂದು ಮೀಟರ್ ಉದ್ದ ಭಾಗಿಸಲೆ 20 ಸೆಂಮೀ, ಐದು ಪಟ್ಟು, ಸುಮಾರು 1,900.

ಗಮನಿಸ್ರಿ, ಎದುರಿನಿಂದ ನೋಡಿದಾಗ ದಪ್ಪ 3 ಸೆಂಮೀ ಇದ್ರೂ 390, 20 ಇದ್ರೂ 390. ದಪ್ಪ ತಪ್ಪಿದ್ದು ಆ ನೋಟದಾಗ ಕಾಣೂದ ಇಲ್ಲ. ಎದುರಿನ ಚಿತ್ರ ಒಂದನ್ನ ನೋಡಿ ಮ್ಯಾಚ್ ಆತು ಅನ್ನೋರೆಲ್ಲಾ ಇಲ್ಲೇ ಮೋಸ ಹೋಗೋದು. ಎರಡೂ ನೋಟ ತಗೀರಿ.

ಬಣ್ಣ ಹಚ್ಚೋವಾಗ ಎಲ್ಲಾ ಬೆಳಕನ್ನ 680ರ ಒಂದ ಗೆರಿಯೊಳಗ ತುಂಬಬ್ಯಾಡ್ರಿ, ಇದು ಅಗಲದ ನಿರಂತರ ಬೆಳಕು. 398 ನ್ಯಾನೋಮೀಟರ್ ಕೆಳಗ ಮಾತ್ರ ಏನೂ ಇಡಬ್ಯಾಡ್ರಿ, ಬರೇ ಕೂಡೋದರಿಂದ ಸಿಗೋ 3.1 ಎಲೆಕ್ಟ್ರಾನ್ ವೋಲ್ಟ್ ಅಲ್ಲಿಗೆ ಮುಗೀತದ. ಆಮ್ಯಾಲೆ ಕ್ಯಾಮೆರಾ ಯಾವ ಬಣ್ಣಕ್ಕ ಎಷ್ಟು ಸ್ಪಂದಿಸ್ತದ ಅನ್ನೋದರಿಂದ ಗುಣಿಸ್ರಿ.

ಹಂತ 7: ಈಗ ಯೀಲ್ಡ್

ಫ್ಲಕ್ಸ್ ಕಾಗದಕ್ಕ ಕೂಡೇದ, ದಪ್ಪ ಕೂಡೇದ, ಎರಡು ನೋಟದ ಪಟ್ಟು ಕೂಡೇದ ಅಂದ ಮ್ಯಾಲೆ ಯೀಲ್ಡ್ ತಿರುವ್ರಿ, ಒಂದ ಎತ್ತರದ ಒಂದ ಅಳತಿಗೆ. ಆಮ್ಯಾಲೆ ಅದಕ್ಕ ಬೀಗ ಹಾಕಿ ಎತ್ತರ ಬದಲಿಸ್ರಿ. ಮಾದರಿಯ ಹೊಳಪು ಆಕ್ಸಿಜನ್ ಇಳಿದಷ್ಟ ಇಳೀಬೇಕು. ಹಂಗ ಆಗದಿದ್ರ ಯೀಲ್ಡ್ ಮುಟ್ಟಬ್ಯಾಡ್ರಿ, ಹಂತ 2ಕ್ಕ ವಾಪಸ್ ಹೋಗ್ರಿ.

ಹೋಲಿಸೋ ಫೋಟೋ ಆರಿಸೋದರಾಗೂ ಎಚ್ಚರ ಬೇಕು. ಸಣ್ಣ ಥ್ರಸ್ಟರ್ ಹಾರಿಸಿದ ಮ್ಯಾಲೆ ಶಟಲ್‌ನ ಗ್ಲೋ ಜಾಸ್ತಿ ಆಗಿದ್ದು ಕಂಡದ, ಅಂಥಾ ಹೊತ್ತಿನ ಫೋಟೋಕ್ಕ ಮಾದರಿ ಕೂಡಿಸಿದ್ರ ಯೀಲ್ಡ್ ಸುಳ್ಳು ಏರ್ತದ. ಮಟೀರಿಯಲ್‌ಗೂ ವ್ಯತ್ಯಾಸ ಅದ, ತುಂಡು ತುಂಡು ಇಟ್ಟು ನೋಡಿದಾಗ ಪಾಲಿಥಿಲೀನ್ ಭಾಳ ಕಡಿಮಿ ಹೊಳೀತು, ಅದಕ್ಕ ಇಡೀ ಉಪಗ್ರಹಕ್ಕ ಒಂದ ಯೀಲ್ಡ್ ಹಾಕೋದು ಸರಿ ಅಲ್ಲ.

ಕೊನೀದು ಉಷ್ಣತೆ. ಮೈ ತಣ್ಣಗ ಇದ್ದಷ್ಟು ಗ್ಲೋ ಜಾಸ್ತಿ, ನೈಟ್ರಿಕ್ ಆಕ್ಸೈಡ್ ತಣ್ಣನ ಮೈಗೆ ಹೆಚ್ಚು ಹೊತ್ತು ಅಂಟಿಕೊಂಡಿರ್ತದ ಅನ್ನೋದು ಅದರ ಕಾರಣ ಅಂತ ತಿಳೀತಾರ. ನಿಮ್ಮ ಮಾದರಿಯೊಳಗ ಯೀಲ್ಡ್ ಒಂದು ಸ್ಥಿರ ನಂಬರ್ ಆಗಿದ್ರ ಮೈಯನ್ನ 300ರಿಂದ 250 ಕೆಲ್ವಿನ್‌ಗೆ ಇಳಿಸಿದ್ರೂ ಹೊಳಪು ಅಲುಗಾಡೂದಿಲ್ಲ. ಅದು ಪ್ರೋಗ್ರಾಮ್‌ನ ತಪ್ಪಲ್ಲ, ನೀವು ಆ ಅವಲಂಬನೆ ಇನ್ನೂ ಬರೆದಿಲ್ಲ ಅಷ್ಟ. ಬರೆಯೋವಾಗ ಉಷ್ಣತೆ ಇಳಿದಂಗ ಏರೋ ಘಾತೀಯ ಗುಣಕ ಒಂದು ಸೇರಿಸ್ರಿ, 300 ಕೆಲ್ವಿನ್‌ಗೆ ಅದರ ಬೆಲೆ 1 ಇರೋ ಹಂಗ ಇಡ್ರಿ, ಅಂದ್ರ ಬೀಗ ಹಾಕಿದ ಹಳೇ ಯೀಲ್ಡ್ ಕೆಡೂದಿಲ್ಲ. ಪ್ರತಿ ಓಟದ ಫೈಲ್ ಹೆಸರಿನ್ಯಾಗ ಎತ್ತರ, ಮೈಯ ಉಷ್ಣತೆ, ಯೀಲ್ಡ್ ಈ ಮೂರೂ ಬರೀರಿ. ತಿಂಗಳಾದ ಮ್ಯಾಲೆ ಯಾವ ಚಿತ್ರ ಯಾವುದು ಅನ್ನೋದಕ್ಕ ಬ್ಯಾರೆ ಗುರುತು ಇರೂದಿಲ್ಲ.